ನನ್ನ ಮಷೀನಿನಾಗ ಓಡ್ತದರೀ

ಕಳೆದ ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ಖಾನಾಪುರ ತಾಲೂಕಿನ ಪೂರ್ವದ ಕಡೆ. ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಕೂತಾಗ ಕಾಕಾ ಮೊಬೈಲ್ ಮುಂದೆ ಹಿಡಿದರು. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ. ಬಸ್ಸೊಂದು ಓಡುತ್ತಿದೆ, ಹಿಂದಿನ ಕೊಳವೆಯಿಂದ ಹೊಗೆ ಬದಲು ನೀರು ತೊಟ್ಟಿಕ್ಕುತ್ತಿದೆ.

"ಇದು ಖರೇನೋ, ಇಲ್ಲಾ ಸುಳ್ಳ ಬಿಡ್ತಾರೋ?"

"ಖರೇನ ಕಾಕಾ. ಹೈಡ್ರೋಜನ್ ಬಸ್ಸದು. ಹೈಡ್ರೋಜನ್ನು ಗಾಳಿಯೊಳಗಿನ ಆಕ್ಸಿಜನ್ ಜೋಡಿ ಕೂಡಿದ್ರ ಕರೆಂಟ್ ಹುಟ್ತದ, ಕಡೀಕ ಉಳಿಯೂದು ನೀರಷ್ಟ." ಬಿಇ ಮಾಡಿದವನ ಗತ್ತಿನಲ್ಲೇ ಹೇಳಿದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾರ ಆ ಹೈಡ್ರೋಜನ್ ಎಲ್ಲಿಂದ ತರ್ತಾರ?"

ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಆದರೆ ಪ್ರಶ್ನೆ ನನ್ನ ಜೊತೆಗೇ ಬಸ್ ಹತ್ತಿ ಬೆಳಗಾವಿಯ ಬಾಡಿಗೆ ಮನೆವರೆಗೂ ಬಂತು.

ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಒಂದು ಹಳೇ ಮಾತಿದೆ, 'ನನ್ನ ಮಷೀನಿನಾಗ ಓಡ್ತದರೀ'. ಗ್ರಾಹಕನ ಕಡೆ ಎಲ್ಲಾ ಕುಸಿದು ಬಿದ್ದಿರುತ್ತದೆ, ಡೆವಲಪರ್ ಮಾತ್ರ ತನ್ನ ಲ್ಯಾಪ್‌ಟಾಪ್ ತೋರಿಸಿ 'ನೋಡ್ರಿ, ಇಲ್ಲಿ ಸರಿಯಾಗೇ ಓಡ್ಲಿಕ್ಕತ್ತದ' ಅಂತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನು ನೋಡುತ್ತಿರುವುದು ತನ್ನ ಮಷೀನನ್ನಷ್ಟೇ. 'ಸ್ವಚ್ಛ ಇಂಧನ' ಅನ್ನೋ ಮಾತಿನಲ್ಲೂ ಇದೇ ತೊಂದರೆ ಇದೆ ಅಂತ ನನಗೆ ಅನಿಸತೊಡಗಿತು. ಕೊಳವೆಯ ತುದಿ ನೋಡಿ ಸ್ವಚ್ಛ ಅನ್ನುತ್ತೇವೆ. ಕೊಳವೆಯ ಇನ್ನೊಂದು ತುದಿ ಎಲ್ಲಿದೆ?

ಮೊದಲಿಗೆ, ಹೈಡ್ರೋಜನ್ ಇಂಧನದ ಮೂಲವೇ ಅಲ್ಲ. ಕಲ್ಲಿದ್ದಲಿನ ಹಾಗೆ ಅಗೆದು ತೆಗೆದು ಬಳಸುವಷ್ಟು ಅದು ನಮಗೆ ಸಿಗುವುದಿಲ್ಲ, ಬೇರೆ ಶಕ್ತಿ ಖರ್ಚು ಮಾಡಿ ತಯಾರಿಸಬೇಕು. ಒಂದು ನಮೂನೆ ಟ್ಯಾಂಕರ್ ಇದ್ದ ಹಾಗೆ, ಒಳಗೆ ತುಂಬಿದ್ದನ್ನು ಹೊತ್ತುಕೊಂಡು ಹೋಗುತ್ತದೆ. ಇವತ್ತು ಜಗತ್ತಿನ ಬಹುಪಾಲು ಹೈಡ್ರೋಜನ್ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ಮಾಡಿದರೆ ಸುಮಾರು 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 'ಹಸಿರು' ಹೈಡ್ರೋಜನ್ ಅಂದರೆ ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆದದ್ದು. ಅದಕ್ಕೆ ಕಿಲೋಗೆ 50ಕ್ಕೂ ಹೆಚ್ಚು ಯೂನಿಟ್ ಕರೆಂಟ್ ಬೇಕು, 9 ಲೀಟರ್ ನೀರು ಬೇಕು.

ನೀರು ಅಂದಕೂಡಲೇ ಖಾನಾಪುರದವನ ಕಿವಿ ನೆಟ್ಟಗಾಗುತ್ತದೆ. ಮಲಪ್ರಭೆ ಹುಟ್ಟುವುದು ನಮ್ಮ ಕಣಕುಂಬಿಯಲ್ಲಿ. ಹಾಗಾಗಿ ಲೆಕ್ಕ ಹಾಕಿದೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿನ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅಷ್ಟಕ್ಕೆ 4,500 ಕೋಟಿ ಲೀಟರ್ ನೀರು, ಅಂದರೆ ಸುಮಾರು 1.6 ಟಿಎಂಸಿ. ಶುದ್ಧ ಮಾಡುವುದು, ತಂಪು ಮಾಡುವುದು ಸೇರಿಸಿದರೆ ಎರಡು-ಮೂರು ಪಟ್ಟು.

ನಾನು ಹೆದರಿದಷ್ಟೇನೂ ಇಲ್ಲ. ಇಡೀ ದೇಶದ ಲೆಕ್ಕದಲ್ಲಿ ಇದು ಚಿಲ್ಲರೆ. ಆದರೆ ಇನ್ನೊಂದು ಸಂಖ್ಯೆ ಪಕ್ಕದಲ್ಲಿಟ್ಟು ನೋಡ್ರಿ. ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಒಪ್ಪಿದ್ದು 3.9 ಟಿಎಂಸಿ. ಆ ನೀರಿಗಾಗಿ ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ದೇಶದ ಸರಾಸರಿಯಲ್ಲಿ ಚಿಲ್ಲರೆ ಅನಿಸಿದ್ದು ಒಂದು ಹೊಳೆಯ ದಂಡೆಯಲ್ಲಿ ಒಂದು ತಲೆಮಾರಿನ ಜಗಳ ಆಗಬಹುದು. ಸರಾಸರಿಯಲ್ಲಿ ಯಾರೂ ಬದುಕೋದಿಲ್ಲ, ಒಂದು ಊರಿನಲ್ಲಿ ಬದುಕುತ್ತಾರೆ.

ಇದು ಹೊಸ ಕತೆಯೂ ಅಲ್ಲ. ನಮ್ಮ ತಾಲೂಕಿನ ಗಡಿ ದಾಟಿದರೆ ಸೂಪಾ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ತಾಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ಮುಳುಗಿತು. ಅಲ್ಲಿಂದ ಎದ್ದುಬಂದವರಿಗಾಗಿ ಲೋಂಡಾ ಹತ್ತಿರ ರಾಮನಗರ ಎದ್ದಿತು. ಜಲವಿದ್ಯುತ್ತು ಹೊಗೆ ಇಲ್ಲದ ಕರೆಂಟು, ಸ್ವಚ್ಛ ಕರೆಂಟು. ನಾನು ಪರೀಕ್ಷೆಗೆ ರಾತ್ರಿ ಓದಿದ ಬಲ್ಬಿನ ಬೆಳಕಿನಲ್ಲಿ ಕಾಳಿ ನದಿಯದೂ ಒಂದು ಪಾಲು ಇತ್ತು. ಲೋಂಡಾ ಕಡೆ ಎಷ್ಟೋ ಸಲ ಹೋಗಿದ್ದೇನೆ, ಆದರೆ ರಾಮನಗರದವರು ನನ್ನ ಬಲ್ಬಿಗೆ ಏನು ಕೊಟ್ಟರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಮಷೀನಿನಲ್ಲಿ ಓಡುತ್ತಿತ್ತಲ್ಲ!

ಹಾಗಂತ ಇದೆಲ್ಲ ಬೇಡ ಅನ್ನೋಣವೇ? ಇದನ್ನ ಆಫೀಸಿನ ಗೆಳೆಯನ ಮುಂದೆ ಹೇಳಿದಾಗ ಅವನು ಬಿಸಿಯಾದ. "ಎಲ್ಲಾ ಲೆಕ್ಕ ಸರಿ ಆಗೂತನಕಾ ಕಾಯ್ಕೊಂತ ಕೂತ್ರ ಅಲ್ಲೀತನಕಾ ಡೀಸೆಲ್ ಸುಡ್ಕೊಂತ ಇರೂದ. ಅದರ ಬಿಲ್ ಯಾರು ಕಟ್ತಾರ?" ಅವನ ಮಾತು ನಿಜ. ಮಳೆ ತಪ್ಪಿದರೆ, ಇಲ್ಲಾ ಒಮ್ಮೆಲೇ ಸುರಿದರೆ, ಮೊದಲು ಪೆಟ್ಟು ತಿನ್ನುವುದು ನಮ್ಮ ಕಾಕಾನ ಭತ್ತವೇ. ಏನೂ ಮಾಡದೆ ಕೂತರೂ ಬಿಲ್ ಬರುತ್ತದೆ, ಅದೂ ಅದೇ ವಿಳಾಸಕ್ಕೆ.

ಇಲ್ಲಿ ನನಗೆ ನೆನಪಾದದ್ದು ಅವ್ವ. ನಮ್ಮಲ್ಲಿ ಮಳೆ ಬೇಕಾದಷ್ಟು, ಆದರೂ ಮೇ ತಿಂಗಳಿಗೆ ಬಾವಿಯ ತಳ ಕಾಣುತ್ತಿತ್ತು. ಆಗ ಅವ್ವ ಕೊಡಗಳಿಗೆ ಸರದಿ ಹಚ್ಚುತ್ತಿದ್ದಳು. ಮೊದಲ ಕೊಡ ಕುಡಿಯಲಿಕ್ಕೆ, ಎರಡನೆಯದು ಅಡಿಗೆಗೆ. ಅಕ್ಕಿ ತೊಳೆದ ನೀರು ಎಮ್ಮೆಗೆ. ನಮ್ಮ ಕ್ರಿಕೆಟ್ ಆಡಿದ ಕಾಲು ತೊಳೆಯೋದು ಎಲ್ಲಕ್ಕಿಂತ ಕೊನೆಗೆ. ಕಡಿಮೆ ಇರುವ ವಸ್ತು ಎಷ್ಟು ಒಳ್ಳೆಯದು ಅನ್ನುವುದಕ್ಕಿಂತ ಅದು ಮೊದಲು ಯಾರಿಗೆ ಅನ್ನುವುದೇ ದೊಡ್ಡ ಪ್ರಶ್ನೆ ಅಂತ ಅವಳಿಗೆ ಗೊತ್ತಿತ್ತು.

ಹಸಿರು ಹೈಡ್ರೋಜನ್ನಿಗೂ ಸರದಿ ಹಚ್ಚಿದರೆ ಮೊದಲ ಕೊಡ ಯಾವುದು? ನನ್ನ ಉತ್ತರ, ಅಮೋನಿಯ. ಹೈಡ್ರೋಜನ್ನಿಗೆ ಗಾಳಿಯ ನೈಟ್ರೋಜನ್ ಕೂಡಿಸಿದರೆ ಅಮೋನಿಯ. ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದ ದಾರಿ ಇದು. ಅಪ್ಪ ಹೊಲಕ್ಕೆ ಎರಚುವ ಯೂರಿಯಾ ಬರುವುದು ಇದರಿಂದಲೇ, ಜಗತ್ತಿನ ಸುಮಾರು ಅರ್ಧ ಜನರ ಊಟ ಈ ಗೊಬ್ಬರದ ಮೇಲೆ ನಿಂತಿದೆ. ಇದಕ್ಕೆ ಬೇಕಾದ ಹೈಡ್ರೋಜನ್ನಿಗೆ ಬದಲಿ ಇಲ್ಲ. ಉಕ್ಕಿಗೂ ಹಾಗೆಯೇ, ಅದಿರಿನಿಂದ ಕಬ್ಬಿಣ ತೆಗೆಯಲು ಕಲ್ಲಿದ್ದಲು ಬಿಟ್ಟರೆ ಇರುವ ದೊಡ್ಡ ದಾರಿಗಳಲ್ಲಿ ಹೈಡ್ರೋಜನ್ ಒಂದು. ಅದು ಎರಡನೇ ಕೊಡ.

ಆಮೇಲೆ ಹಡಗು. ಹೈಡ್ರೋಜನ್ ದ್ರವವಾಗಲು ಮೈನಸ್ 253 ಡಿಗ್ರಿ ಬೇಕು, ಅಮೋನಿಯಕ್ಕೆ ಮೈನಸ್ 33 ಸಾಕು, ಹಾಗಾಗಿ ಹಡಗಿನ ಇಂಧನಕ್ಕೆ ಅದರ ಮೇಲೆ ಕಣ್ಣು. ಆದರೆ ಅದು ಸೋರಿದರೆ ವಿಷ, ಜೋಪಾನವಾಗಿ ಉರಿಸದಿದ್ದರೆ ನೈಟ್ರೋಜನ್ ಆಕ್ಸೈಡುಗಳು.

ಕಟ್ಟಕಡೆಗೆ ನಮ್ಮ ನಿಮ್ಮ ಕಾರು. 100 ಯೂನಿಟ್ ಕರೆಂಟನ್ನು ಹೈಡ್ರೋಜನ್ ಮಾಡಿ ಕಾರು ಓಡಿಸಿದರೆ ಗಾಲಿಗೆ ಮುಟ್ಟುವುದು ಹೆಚ್ಚುಕಡಿಮೆ 30. ಬ್ಯಾಟರಿಯಲ್ಲಿ ತುಂಬಿಸಿ ಓಡಿಸಿದರೆ 70ಕ್ಕೂ ಮೇಲೆ. ಪೇಟೆಯಲ್ಲಿ ಓಡಾಡುವ ಕಾರಿಗೆ ಹೈಡ್ರೋಜನ್ ಬೇಕು ಅನ್ನುವುದು, ಮೇ ತಿಂಗಳಲ್ಲಿ ಮೊದಲ ಕೊಡದಲ್ಲಿ ಕಾಲು ತೊಳೆದ ಹಾಗೆ.

ಸರದಿ ಹಚ್ಚಿದರೂ ರಾಮನಗರದ ಪ್ರಶ್ನೆ ಉಳಿದೇ ಉಳಿಯುತ್ತದೆ. ಯಾರ ಹೊಳೆ, ಯಾರ ಗುಡ್ಡ ಬಳಕೆಯಾಗುತ್ತದೋ ಅವರನ್ನು ಮೊದಲು ಕೇಳಬೇಕು, ಬೇಡ ಅನ್ನಲಿಕ್ಕೂ ಅವರಿಗೆ ಅವಕಾಶ ಇರಬೇಕು. ಲಾಭದ ಪಾಲು ಅವರ ಮನೆಗೂ ಬರಬೇಕು. ಇದರಿಂದ ಯೋಜನೆ ತಡವಾಗುತ್ತದೆ, ದರವೂ ಏರಬಹುದು. ಆ ಹೆಚ್ಚಿನ ದರ ಸಂಬಳದ ನಮ್ಮಂಥವರ ಮೇಲೆ ಬೀಳಲಿ ಅಂತ ನಾನು ಒಪ್ಪಿದ್ದೇನೆ. ಬಿಲ್ ಬಂದ ದಿನ ಇಷ್ಟೇ ಗಟ್ಟಿಯಾಗಿ ಹೇಳುತ್ತೇನೋ ಇಲ್ಲವೋ, ನೋಡಬೇಕು.

ದೀಪಾವಳಿಗೆ ಮತ್ತೆ ಊರಿಗೆ ಹೋಗುವುದಿದೆ. ಕಾಕಾಗೆ ಈ ಸಲ ಸರಿಯಾದ ಉತ್ತರ ಹೇಳಬೇಕು: ಹೈಡ್ರೋಜನ್ ಬರೋದು ಯಾರದೋ ನೀರು, ಯಾರದೋ ಗುಡ್ಡದ ಗಾಳಿಯಿಂದ ಅಂತ. "ಯಾರದು?" ಅಂತ ಅವರು ಕೇಳೇ ಕೇಳುತ್ತಾರೆ. ಇನ್ನೊಂದು ಕಪ್ ಚಹಾ ಇಡಲು ಹೇಳಿ ಕೂರಬೇಕು.