ಸಮಾಧಿಯಿಲ್ಲದ ಅಜ್ಜ

ನವೆಂಬರ್ 2ರಂದು ಹಿರಿಯರ ಸಮಾಧಿಗೆ ಮೇಣದಬತ್ತಿ ಹಚ್ಚುತ್ತೀರಿ. ಹಡಗಿನ ಕೆಲಸಕ್ಕೆ ಹೋಗಿ ಕಡಲಲ್ಲೇ ತೀರಿಕೊಂಡ ಅಜ್ಜನಿಗೆ ಎಲ್ಲಿ ಹಚ್ಚುವಿರಿ? ಸಮಾಧಿಯಿಲ್ಲವೆಂದು ಮನೆಯ ಪ್ರಾರ್ಥನೆಯಿಂದಲೂ ಅವನ ಹೆಸರು ಜಾರಿಹೋಗಿದೆಯೆ?

ಹುಡುಕಿರಿ. ಎರಡನೇ ಮಹಾಯುದ್ಧದಲ್ಲಿ ಮಡಿದು ಸಮುದ್ರವೇ ಸಮಾಧಿಯಾದ 6,000ಕ್ಕೂ ಮಿಕ್ಕಿ ಅವಿಭಜಿತ ಭಾರತದ ನಾವಿಕರನ್ನು ಮುಂಬಯಿ, ಚಿತ್ತಗಾಂಗ್‌ಗಳ ಸ್ಮಾರಕ ಗ್ರಂಥಗಳಲ್ಲಿ ಹೆಸರಿಸಲಾಗಿದೆ. ಬ್ರಿಟಿಷ್ ಹಡಗುಗಳಲ್ಲಿ 1891ರಿಂದ 1972ರ ತನಕ ಸತ್ತ ನಾವಿಕರ ನೋಂದಣಿ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಆದರೆ ಡಿಸೋಜರು ಎಷ್ಟು ಮಂದಿ! ಗುಮಾಸ್ತನ ಸ್ಪೆಲ್ಲಿಂಗ್ ಬೇರೆ. ಆದ್ದರಿಂದ ಮೊದಲು ನಿಮ್ಮ ಚರ್ಚಿನ ಜ್ಞಾನಸ್ನಾನದ ಪುಸ್ತಕ ತೆರೆಸಿ, ಅವನ ತಂದೆತಾಯಿಯ ಹೆಸರು ಬರೆದುಕೊಳ್ಳಿ. ಹಳೆಯ ಪತ್ರದಲ್ಲಿ ಹಡಗಿನ ಹೆಸರೂ ಇದ್ದೀತು.

ಮರಣದ ದಿನಾಂಕ ಸಿಕ್ಕರೆ ಅಂದೇ ಪೂಜೆ ಹೇಳಿಸಿ. ಸಿಗದಿದ್ದರೂ ಹೇಳಿಸಿ.