ದಂಪತಿಗಳ ಸಂಯಮವೂ ರೋಮ್ ಸಭೆಯ ಉಪದೇಶವೂ

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಸುತ್ತಲಿದ್ದ ಹಳ್ಳಿಗಳು ಈಗ ಬೆಂಗಳೂರಿನೊಳಗೇ ಸೇರಿಹೋಗಿವೆ. ಅಲ್ಲಿಯ ನಮ್ಮ ಸಭೆಯವರಿಗೂ ಕಥೋಲಿಕರಿಗೂ ನೆರೆಹೊರೆಯುಂಟು, ಕೆಲವು ಮನೆಗಳಲ್ಲಿ ಹೆಣ್ಣು ಕೊಟ್ಟು ತರುವ ಸಂಬಂಧವೂ ಉಂಟು. ಸೊಸೆಗೆ ಎರಡನೆಯ ಹೆರಿಗೆಯಾದಾಗ ಆಪರೇಷನ್ ಮಾಡಿಸುವಿರೋ ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ. ಅತ್ತೆಮಾವಂದಿರು ಹೂಂ ಎನ್ನುತ್ತಾರೆ. ಕಥೋಲಿಕರಾದ ತವರಿನವರು ಅದು ಪಾಪವೆಂದು ತಡೆಯುತ್ತಾರೆ. ನಮ್ಮವರಲ್ಲಿ ಅನೇಕರು, "ಅವರಿಗೆ ಪೋಪರ ಅಪ್ಪಣೆ, ನಮಗೆ ಸತ್ಯವೇದ" ಎಂದು ಹೇಳಿ ಮಾತನ್ನು ಮುಗಿಸಿಬಿಡುತ್ತಾರೆ. ಆದರೆ ಇದು ಅಷ್ಟು ಸುಲಭವಾಗಿ ತೀರುವ ಮಾತಲ್ಲ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕಬೇಕು. ಲೆಕ್ಕವಿಲ್ಲದೆ ಮಕ್ಕಳನ್ನು ಹೆರಬೇಕೆಂದು ಕಥೋಲಿಕ ಸಭೆಯು ಕಲಿಸುತ್ತದೆಂಬದು ನಿಜವಲ್ಲ. 1951ನೇ ಅಕ್ಟೋಬರಿನಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಇಟಲಿಯ ಸೂಲಗಿತ್ತಿಯರಿಗೆ ಮಾಡಿದ ಭಾಷಣದಲ್ಲಿ, ಗುರುತರವಾದ ಕಾರಣಗಳಿದ್ದರೆ ದಂಪತಿಗಳು ಗರ್ಭ ನಿಲ್ಲುವ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಮಾತ್ರ ಕೂಡಬಹುದೆಂದು ಹೇಳಿದರು. 1968ನೇ ಜುಲೈಯಲ್ಲಿ ಆರನೆಯ ಪೌಲ್ ಪೋಪರು 'ಹ್ಯುಮಾನೇ ವೀಟೇ' ಎಂಬ ಪತ್ರದಲ್ಲಿ ಅದನ್ನೇ ಸ್ಥಿರಪಡಿಸಿದರು. ಹಾಗಾದರೆ ಅವರು ನಿಷೇಧಿಸುವದು ಮಕ್ಕಳ ಮಿತಿಯನ್ನಲ್ಲ, ಅದಕ್ಕಾಗಿ ಉಪಯೋಗಿಸುವ ಸಾಧನವನ್ನು. ದಂಪತಿಗಳ ಐಕ್ಯವನ್ನೂ ಸಂತಾನವನ್ನೂ ದೇವರು ಒಂದೇ ಕಾರ್ಯದಲ್ಲಿ ಜೋಡಿಸಿದ್ದಾನೆ, ಮನುಷ್ಯನು ತನ್ನ ಕೈಯಾರೆ ಇವುಗಳನ್ನು ಅಗಲಿಸಬಾರದು ಎಂದು ಅವರ ವಾದ. ಗುಳಿಗೆ, ನಿರೋಧ್, ಕಾಪರ್-ಟಿ, ಆಪರೇಷನ್ ಇವೆಲ್ಲಾ ಅಗಲಿಸುತ್ತವೆ. ದಿನ ನೋಡಿ ಸಂಯಮದಿಂದಿರುವವರಾದರೋ ಸ್ತ್ರೀದೇಹದಲ್ಲಿ ದೇವರೇ ಇಟ್ಟ ಕ್ರಮವನ್ನು ಅನುಸರಿಸುತ್ತಾರೆ ಎನ್ನುತ್ತಾರೆ.

ಇದು ರೋಮ್ ಸಭೆಯೊಂದರದೇ ಕಲ್ಪನೆಯೆಂದು ನಾವು ಎಣಿಸಬಾರದು. ಆದಿಕಾಂಡ 38ನೇ ಅಧ್ಯಾಯದ ಓನಾನನ ಕೃತ್ಯವನ್ನು ಕುರಿತು ಬರೆಯುವಾಗ ಲೂಥರನೂ ಕಾಲ್ವಿನನೂ ಬಹು ಕಟುವಾಗಿಯೇ ಬರೆದರು. ದಾರಿಗಳು ಅಗಲಿದ್ದು 1930ನೇ ವರುಷದಲ್ಲಿ. ಆ ಜೂನ್ ತಿಂಗಳಲ್ಲಿ ನಮ್ಮ ಮೈಸೂರು ಸರ್ಕಾರವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಕೊಟ್ಟಿತು. ಲೋಕದಲ್ಲಿ ಯಾವ ಸರ್ಕಾರವೂ ಅದಕ್ಕೆ ಮುಂಚೆ ಹಾಗೆ ಮಾಡಿರಲಿಲ್ಲವೆಂದು ಹೇಳುವದುಂಟು. ಆಗಸ್ಟಿನಲ್ಲಿ ಲಂಡನಿನ ಲ್ಯಾಂಬೆತ್ ಅರಮನೆಯಲ್ಲಿ ಕೂಡಿದ್ದ ಆಂಗ್ಲಿಕನ್ ಬಿಷಪರು, ಸಂಯಮವೇ ಮುಖ್ಯ ಮಾರ್ಗವಾದರೂ ತಕ್ಕ ಕಾರಣವಿದ್ದಾಗ ಬೇರೆ ಸಾಧನಗಳನ್ನು ಉಪಯೋಗಿಸಬಹುದೆಂದು ನಿರ್ಣಯಿಸಿದರು. ಡಿಸೆಂಬರ್ 31ರಂದು ಹನ್ನೊಂದನೆಯ ಪಿಯುಸ್ ಪೋಪರು 'ಕಾಸ್ತಿ ಕನ್ನೂಬಿಯಿ' ಎಂಬ ಪತ್ರವನ್ನು ಹೊರಡಿಸಿ ಅದನ್ನು ಖಂಡಿಸಿದರು. ಇತರ ಪ್ರೊಟೆಸ್ಟಂಟ್ ಸಭೆಗಳಲ್ಲಿ ಹೆಚ್ಚಿನವು ಕ್ರಮೇಣ ಲ್ಯಾಂಬೆತ್ತಿನ ಹಾದಿಯನ್ನೇ ಹಿಡಿದವು.

ಪೋಪರು ಒಪ್ಪಿದ ಆ ದಿನ ನೋಡುವ ವಿಧಾನವು ನಮ್ಮ ಸೀಮೆಯಲ್ಲಿಯೇ ಒಮ್ಮೆ ಪರೀಕ್ಷೆಗೆ ಬಂತೆಂಬದು ಬಹು ಜನರಿಗೆ ತಿಳಿಯದು. ಸ್ವಾತಂತ್ರ್ಯ ಬಂದ ಮೇಲೆ ದೇಶದ ಮೊದಲ ಆರೋಗ್ಯ ಮಂತ್ರಿಯಾದ ರಾಜಕುಮಾರಿ ಅಮೃತ್ ಕೌರ್ ಅವರು ಕ್ರೈಸ್ತ ಮನೆತನದಲ್ಲಿ ಹುಟ್ಟಿ ಗಾಂಧೀಜಿಯವರ ಶಿಷ್ಯೆಯಾಗಿದ್ದವರು. ಗಾಂಧೀಜಿಯವರಾದರೋ 1935ರಲ್ಲಿ ವಾರ್ಧಾಕ್ಕೆ ಬಂದ ಮಾರ್ಗರೆಟ್ ಸ್ಯಾಂಗರ್ ಅವರ ಸಂಗಡ ವಾದಿಸಿ, ಆತ್ಮಸಂಯಮವೇ ದಾರಿಯೆಂದು ಹೇಳಿದ್ದರು. ಮಂತ್ರಿಗಳು ವಿಶ್ವ ಆರೋಗ್ಯ ಸಂಸ್ಥೆಯ ಸಹಾಯವನ್ನು ಕೇಳಲಾಗಿ, 1951ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಅಬ್ರಹಾಂ ಸ್ಟೋನ್ ಬಂದರು. ಆ ಸಂಸ್ಥೆಯಲ್ಲಿ ಕಥೋಲಿಕ ದೇಶಗಳ ವಿರೋಧವು ಬಲವಾಗಿದ್ದದರಿಂದ ಬೇರೆ ಸಾಧನಗಳಿಗೆ ಎಡೆಯಿರಲಿಲ್ಲ. ದಿನ ನೋಡುವ ವಿಧಾನವನ್ನು ಪರೀಕ್ಷಿಸುವದಕ್ಕೆ ದಿಲ್ಲಿಯ ಲೋಧಿ ಕಾಲೊನಿಯನ್ನೂ ನಮ್ಮ ರಾಮನಗರವನ್ನೂ ಆರಿಸಿಕೊಂಡರು. ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ಈ ಊರು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿಯೇ ಅದೆ. ಅಕ್ಷರ ಬಾರದ ಸ್ತ್ರೀಯರಿಗಾಗಿ ಡಾಕ್ಟರ್ ಸ್ಟೋನರು ಒಂದು ಮಣಿಸರವನ್ನು ಕಲ್ಪಿಸಿದ್ದರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಹಸುರು ಮಣಿಯಾದರೆ ಭಯವಿಲ್ಲ, ಕೆಂಪು ಮಣಿಯಾದರೆ ದೂರವಿರಬೇಕು.

ಈ ಪ್ರಯತ್ನವು ಫಲಿಸಲಿಲ್ಲ. ತಿಂಗಳ ಮುಟ್ಟು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಬರುವದಿಲ್ಲ. ಮೊಲೆಯುಣಿಸುವ ತಾಯಿಗೆ ಲೆಕ್ಕವೇ ಸಿಕ್ಕುವದಿಲ್ಲ. ಸರವನ್ನು ಕೊರಳಿಗೆ ಹಾಕಿಕೊಂಡರೆ ಸಾಕೆಂದು ಕೆಲವು ಹೆಂಗಸರು ನಂಬಿದರೆಂಬ ಕಥೆಗಳೂ ಹರಡಿದವು, ಓದಿದವರು ಅದನ್ನು ಹೇಳಿ ನಕ್ಕರು. ತಾಯತ ಕಟ್ಟುವ ಊರುಗಳಲ್ಲಿ ಇದು ಆಶ್ಚರ್ಯವೇನಲ್ಲ; ನಗುವದಕ್ಕೂ ನಮಗೆ ಮನಸ್ಸು ಬರುವದಿಲ್ಲ. ಯಾಕಂದರೆ ಆ ಸರವು ಹೆಂಡತಿಯ ಕೈಯಲ್ಲಿತ್ತು, ಗಂಡನ ಕೈಯಲ್ಲಿರಲಿಲ್ಲ. ಆಕೆ ಎಷ್ಟು ಸರಿಯಾಗಿ ಮಣಿಗಳನ್ನು ಎಣಿಸಿದರೂ ರಾತ್ರಿ ಹೆಂಡದಂಗಡಿಯಿಂದ ಬರುವ ಗಂಡನು ಕೆಂಪು ಮಣಿಯನ್ನು ಲಕ್ಷಿಸುವನೋ?

ನಮ್ಮ ಎಣಿಕೆಯಲ್ಲಿ ಈ ಪ್ರಶ್ನೆಯ ಮೂಲವು ಇಲ್ಲಿಯೇ ಅದೆ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯದಲ್ಲಿ ದಂಪತಿಗಳು ಅಗಲಿರುವದಕ್ಕೆ ಎರಡು ಕಟ್ಟುಗಳನ್ನು ಇಡುತ್ತಾನೆ: ಇಬ್ಬರ ಸಮ್ಮತಿಯೂ ಬೇಕು, ಅದು ಸ್ವಲ್ಪ ಕಾಲದ್ದಾಗಿಯೂ ಇರಬೇಕು. ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರವುಂಟೆಂದು ಅಲ್ಲಿಯೇ ಹೇಳುತ್ತಾನೆ. ನಮ್ಮ ಗಂಡಸರು ಆ ವಚನದ ಒಂದು ಅರ್ಧವನ್ನು ಮಾತ್ರ ಬಾಯಿಪಾಠ ಮಾಡಿದ್ದಾರೆ. ಸಮ್ಮತಿಯಿಲ್ಲದ ಕಡೆ ದಿನ ನೋಡುವ ವಿಧಾನವು ಬರೇ ಲೆಕ್ಕಾಚಾರವಾಗುತ್ತದೆ. ಸಮ್ಮತಿಯಿರುವ ಕಡೆ, ಕ್ಷಯರೋಗದಿಂದ ಎದ್ದ ಹೆಂಡತಿಯನ್ನು ಕಾಪಾಡಲು ಗಂಡನು ಸಾಧನವನ್ನು ಉಪಯೋಗಿಸಿದರೆ ಅವನನ್ನು ಓನಾನನ ಸಾಲಿಗೆ ಸೇರಿಸಲು ನಮ್ಮಿಂದಾಗದು. ಓನಾನನು ಸತ್ತ ಅಣ್ಣನ ಮನೆಗೆ ಸಲ್ಲಬೇಕಾದದ್ದನ್ನು ಕೊಡದೆ ಮೋಸಮಾಡಿದನು, ಇವನು ಕೊಡುವವನು. ಈ ಮಾತಿನಲ್ಲಿ ನಾವು ಕಥೋಲಿಕರೊಂದಿಗೆ ಒಪ್ಪಲಾರೆವು. ಆದರೆ ಕಥೋಲಿಕಳಾದ ಸೊಸೆಯ ಮನಸ್ಸಾಕ್ಷಿಯು ಒಪ್ಪದಿರುವಾಗ ಆಕೆಯನ್ನು ಬಲವಂತ ಮಾಡುವ ಅಧಿಕಾರವು ಅತ್ತೆಗೂ ಇಲ್ಲ, ಉಪದೇಶಿಗೂ ಇಲ್ಲ.

ಇನ್ನೊಂದು ವಿಷಯದಲ್ಲಿ ಅವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ಈ ಸಾಧನಗಳು ಸಾಮಾನ್ಯವಾದರೆ ಪುರುಷನು ಹೆಂಡತಿಯನ್ನು ಭೋಗದ ವಸ್ತುವಾಗಿ ನೋಡುವನು, ಅರಸುಗಳು ಜನರ ಮೇಲೆ ಅವುಗಳನ್ನು ಹೇರುವರು ಎಂದು ಪೌಲ್ ಪೋಪರು 1968ರಲ್ಲಿ ಎಚ್ಚರಿಸಿದ್ದರು. ಎಂಟು ವರುಷಗಳೊಳಗೆ ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. 1976-77ರ ಒಂದೇ ವರುಷದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಆಪರೇಷನ್ ಆಯಿತು, ಬಹು ಜನರಿಗೆ ಒತ್ತಾಯದಿಂದ. ಆಗ ಹೆಚ್ಚಾಗಿ ಕೈಗೆ ಸಿಕ್ಕಿದವರು ಗಂಡಸರು. ಆ ಭಯವು ಇಳಿದ ಮೇಲೆ ಭಾರವೆಲ್ಲಾ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು, ಹೆರುವ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಮಾಡಿಸಿಕೊಂಡ ಗಂಡಸರು ಇಲ್ಲವೆನ್ನುವಷ್ಟು ಕಡಿಮೆ. ಗಂಡಸಿನದು ಚಿಕ್ಕ ಶಸ್ತ್ರಕ್ರಿಯೆ. ಹೊಟ್ಟೆ ಕೊಯ್ಯುವದಿಲ್ಲ, ಅದೇ ದಿನ ಮನೆಗೆ ಬರಬಹುದು. ರೋಮ್ ಸಭೆಯು ಇದನ್ನೂ ಒಪ್ಪುವದಿಲ್ಲ, ನಿಜವೇ. ಒಪ್ಪುವ ನಮ್ಮ ಸಭೆಗಳಲ್ಲಿಯೂ ಈ ಮಾತನ್ನೆತ್ತಿದರೆ ಹಿರಿಯರು ನೆಲ ನೋಡುತ್ತಾರೆ.