ಕಳಶದ ನೀರು ಯಾರದು?

ನವರಾತ್ರಿಯ ಮೊದಲ ದಿನ ನಮ್ಮ ಮನೆಗಳಲ್ಲಿ ಕಳಶ ಸ್ಥಾಪನೆಯಾಗುತ್ತದೆ. ಬೆಳಗಿದ ತಂಬಿಗೆಗೆ ನೀರು ತುಂಬಿ, ಮಾವಿನೆಲೆಯಿಟ್ಟು, ತೆಂಗಿನಕಾಯಿಯನ್ನು ಕೂರಿಸಿ, ಗಂಗೆಯಿಂದ ಕಾವೇರಿಯವರೆಗೆ ಏಳು ಪುಣ್ಯನದಿಗಳನ್ನು ಆ ತಂಬಿಗೆಯೊಳಕ್ಕೆ ಆವಾಹನೆ ಮಾಡುತ್ತೇವೆ. ನಮ್ಮ ತಂದೆಯವರ ಕಾಲದಲ್ಲಿ ಇದಕ್ಕಾಗಿ ಊರ ಬಾವಿಯಿಂದ ಮಡಿಯಲ್ಲಿ ನೀರು ಸೇದಿ ತರುತ್ತಿದ್ದರು. ಇಂದು ಚೆನ್ನೈ ನಗರದ ಮೂರನೆಯ ಮಹಡಿಯಲ್ಲಿರುವ ನನ್ನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಕಳಶ ತುಂಬುತ್ತದೆ. ಹಾಗೆ ತುಂಬಿಸುವಾಗ ಕೆಲವು ವರ್ಷಗಳಿಂದ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಈ ನೀರು ಯಾರದು?

ತೆರಿಗೆ ಕಟ್ಟಿದ್ದೇನೆ, ಆದುದರಿಂದ ನನ್ನದು ಎಂದುಬಿಡುವುದು ಸುಲಭ. ಆದರೆ ಆ ನೀರು ಬಂದ ದಾರಿಯನ್ನು ವಿಚಾರಿಸಿದರೆ ಉತ್ತರ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಚೆನ್ನೈಗೆ ಸ್ವಂತ ಜೀವನದಿಯಿಲ್ಲ. ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕು ಜಲಾಶಯಗಳು ಹಿಂಗಾರು ಮಳೆಯನ್ನು ನಂಬಿಕೊಂಡಿವೆ. 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶಗಳು ಕೃಷ್ಣಾ ನದಿಯ ತಮ್ಮ ತಮ್ಮ ಪಾಲಿನಿಂದ ತಲಾ 5 ಟಿ.ಎಂ.ಸಿ. ನೀರನ್ನು ಈ ನಗರದ ಬಾಯಾರಿಕೆಗಾಗಿ ಬಿಟ್ಟುಕೊಡಲು ಒಪ್ಪಿದವು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಆ ನೀರು ಕಾಲುವೆಯಲ್ಲಿ ಹರಿದು ಪೂಂಡಿಯನ್ನು ಮುಟ್ಟಿದ್ದು 1996ರಲ್ಲಿ. 2004ರಿಂದೀಚೆಗೆ ಕಡಲೂರು ಜಿಲ್ಲೆಯ ವೀರಾಣಂ ಕೆರೆಯಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ನೀರು ಬರುತ್ತಿದೆ. ಚೋಳರ ಕಾಲದ ಆ ಕೆರೆಯನ್ನು ತುಂಬಿಸುವವಳು ಕೊಳ್ಳಿಡಂ ಕವಲಿನ ಮೂಲಕ ಹರಿದು ಬರುವ ಕಾವೇರಿ. ಕೊಡಗಿನಲ್ಲಿ ಹುಟ್ಟಿ, ಕನ್ನಂಬಾಡಿಯಲ್ಲಿ ನಿಂತು, ಮೆಟ್ಟೂರನ್ನು ದಾಟಿದವಳೇ ನನ್ನ ನಲ್ಲಿಯಲ್ಲಿ ಇಳಿಯುತ್ತಾಳೆ. ಸ್ಥಾಪನೆಯ ಹೊತ್ತಿಗೆ ನಾನು ಅವಳನ್ನು ಕರೆಯಬೇಕಾಗಿಯೇ ಇಲ್ಲ, ಅವಳು ಆಗಲೇ ಬಂದಿರುತ್ತಾಳೆ.

ಈ ಸಂಗತಿ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಸಂಕಟವನ್ನು ತಂದದ್ದು 2016ರ ಸೆಪ್ಟೆಂಬರಿನಲ್ಲಿ. ಆ ವರ್ಷ ಮಳೆ ಕೈಕೊಟ್ಟಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಕರ್ನಾಟಕವು ತಮಿಳುನಾಡಿಗೆ ನೀರು ಬಿಡಬೇಕಾಗಿ ಬಂದಾಗ ಎರಡೂ ಕಡೆಗಳಲ್ಲಿ ರೋಷ ಹೊತ್ತಿಕೊಂಡಿತು. ಬೆಂಗಳೂರಿನಲ್ಲಿ ವಾಹನಗಳು ಸುಟ್ಟವು. ಇಲ್ಲಿ ನಾವು ಬಸ್ಸಿನಲ್ಲಿ ಕನ್ನಡ ಮಾತನಾಡಲು ಹಿಂಜರಿದೆವು. ನಮ್ಮ ಅಣ್ಣ ಮಂಡ್ಯ ಜಿಲ್ಲೆಯಲ್ಲಿ ನಾಲೆಯ ನೀರನ್ನು ನಂಬಿ ಬೇಸಾಯ ಮಾಡುತ್ತಾರೆ. ಒಂದು ರಾತ್ರಿ ಅವರು ದೂರವಾಣಿಯಲ್ಲಿ, "ಏನಪ್ಪಾ, ಇಲ್ಲಿ ಪೈರು ಒಣಗುತ್ತಾ ಇದೆ, ನಿಮ್ಮೂರಿಗೆ ನೀರು ಬಿಡುತ್ತಾ ಇದ್ದಾರೆ. ನೀನೀಗ ಯಾವ ಕಡೆಯವನು?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಹುಟ್ಟಿದ ಮನೆಯ ಅನ್ನವೂ ಕಾವೇರಿಯದು, ಈಗ ಕುಡಿಯುವ ನೀರೂ ಕಾವೇರಿಯದು.

ಮರುದಿನ ಬೆಳಿಗ್ಗೆ ಮೆಟ್ಟಿಲ ಬಳಿ ಪಕ್ಕದ ಮನೆಯ ಹಿರಿಯರು ಸಿಕ್ಕರು. ತಂಜಾವೂರು ಕಡೆಯವರು, ಶಾಲಾ ಮಾಸ್ತರರಾಗಿ ನಿವೃತ್ತರಾದವರು. ಅವರ ತಮ್ಮನ ಗದ್ದೆ ನದೀಮುಖಜ ಭೂಮಿಯ ಕಾಲುವೆಯ ಕಟ್ಟಕಡೆಯಲ್ಲಿದೆ. ಜೂನ್ 12ಕ್ಕೆ ಮೆಟ್ಟೂರು ಅಣೆಕಟ್ಟನ್ನು ತೆರೆಯುವುದು ವಾಡಿಕೆ. ಆ ವರ್ಷ ಜೂನ್ ಕಳೆದರೂ ತೆರೆದಿರಲಿಲ್ಲ, ಕುರುವೈ ಬೆಳೆಯ ಕಾಲವೇ ಮೀರಿತ್ತು. ಅವರು ಏನಾದರೂ ಚುಚ್ಚಿ ಮಾತನಾಡಬಹುದೆಂದು ನಾನು ತಲೆ ತಗ್ಗಿಸಿ ಹೊರಟೆ. ಅವರು ಕೇಳಿದ್ದು ಒಂದೇ ಮಾತು: "ನಿಮ್ಮ ಅಣ್ಣನವರ ಗದ್ದೆಗೆ ನೀರು ಬಂತೇ ಸಾರ್?" ಅವರ ತಮ್ಮನ ಗದ್ದೆಯ ವಿಚಾರವನ್ನು ನಾನು ಅದುವರೆಗೆ ಒಮ್ಮೆಯೂ ಕೇಳಿರಲಿಲ್ಲ. ಹದಿನಾರು ವರ್ಷದ ಶಾಲಾಕಾಲೇಜುಗಳು ಕಲಿಸದ ಪಾಠವನ್ನು ಆ ಒಂದು ಪ್ರಶ್ನೆ ಕಲಿಸಿತು.

ನೀರಿನ ವಿಷಯದಲ್ಲಿ ಹಕ್ಕಿನ ಮಾತು ಅನವಶ್ಯಕವೆಂದು ಯಾರೂ ತಿಳಿಯಬಾರದು. ಹಕ್ಕು ಬರಹಕ್ಕಿಳಿಯದಿದ್ದರೆ ಬಲಿಷ್ಠನು ಎಲ್ಲವನ್ನೂ ಕೊಂಡೊಯ್ಯುತ್ತಾನೆ. 1892 ಮತ್ತು 1924ರ ಒಪ್ಪಂದಗಳಿಂದ ತೊಡಗಿ ನಡೆದ ದೀರ್ಘ ವ್ಯಾಜ್ಯದಲ್ಲಿ 2007ರ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಿದ್ದಿ, ಒಟ್ಟು 740 ಟಿ.ಎಂ.ಸಿ.ಯಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಎಂದು ನಿಗದಿ ಮಾಡಿತು. ಉಳಿದ 14ರಲ್ಲಿ 10 ಪರಿಸರದ ರಕ್ಷಣೆಗೆ, 4 ಅನಿವಾರ್ಯವಾಗಿ ಸಮುದ್ರಕ್ಕೆ. ಯಾವ ರಾಜ್ಯವೂ ನದಿಗೆ ತಾನೊಬ್ಬನೇ ಒಡೆಯನೆಂದು ಹೇಳಲಾಗದು ಎಂಬ ತತ್ತ್ವವನ್ನೂ ಆ ತೀರ್ಪು ಎತ್ತಿಹಿಡಿಯಿತು. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯಕ್ಕೆ 4.75 ಟಿ.ಎಂ.ಸಿ. ಹೆಚ್ಚಿಗೆ ಸಿಕ್ಕಿತು. ಲೆಕ್ಕ ಮುಗಿಯಿತೆಂದು ನಾವು ಸಮಾಧಾನಪಟ್ಟುಕೊಳ್ಳಬಹುದಿತ್ತು.

ಆದರೆ ಮೋಡ ತೀರ್ಪನ್ನು ಓದುವುದಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಹಂಚಿಕೆಯ ಪ್ರಶ್ನೆಯೇ ಏಳುವುದಿಲ್ಲ, ಆಗದ ವರ್ಷ ಕಾಗದದ ಮೇಲಿನ ಅಂಕಿ ನೀರಾಗುವುದಿಲ್ಲ. ಹಕ್ಕು ನಮ್ಮ ಪಾಲೆಷ್ಟು ಎಂಬುದನ್ನು ಹೇಳುತ್ತದೆ. ಪಕ್ಕದವನ ತಟ್ಟೆ ಬರಿದಾಗಿರುವಾಗ ಆ ಪಾಲನ್ನು ಹೇಗೆ ಉಣ್ಣಬೇಕೆಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಋಣವೆಂಬ ಭಾವನೆ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಮಳೆಯಿಂದ ಅನ್ನ, ಯಜ್ಞದಿಂದ ಮಳೆ ಎಂಬ ಚಕ್ರವನ್ನು ವಿವರಿಸಿ, ಪಡೆದದ್ದನ್ನು ಹಿಂದಿರುಗಿಸದೆ ಅನುಭವಿಸುವವನನ್ನು ಕಳ್ಳನೆಂದು ಕರೆದಿದ್ದಾನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿಯುವ ನನಗೆ ಈ ಮಾತು ಬೇಗ ಅರ್ಥವಾಗುತ್ತದೆ. ವರ್ಷವರ್ಷದ ಮಳೆ ಬಡ್ಡಿ, ನೆಲದಾಳದ ನೀರು ಅಸಲು. ನಮ್ಮ ದೇಶವು ಜಗತ್ತಿನಲ್ಲಿಯೇ ಅತಿ ಹೆಚ್ಚು ಅಂತರ್ಜಲವನ್ನು ಎತ್ತುವ ದೇಶವಾಗಿದೆ. ಜಗತ್ತಿನ ಜನರಲ್ಲಿ ಸುಮಾರು ನೂರಕ್ಕೆ ಹದಿನೆಂಟು ಮಂದಿ ನಮ್ಮವರು, ಸಿಹಿನೀರಿನಲ್ಲಿ ನಮ್ಮ ಪಾಲು ಸುಮಾರು ನೂರಕ್ಕೆ ನಾಲ್ಕು. ಇಂಥ ಸಂಸಾರವು ಅಸಲನ್ನು ಕರಗಿಸುತ್ತ ಎಷ್ಟು ದಿನ ಬಾಳೀತು?

ಉಪದೇಶ ಮಾಡುವ ಮುನ್ನ ನನ್ನ ತಪ್ಪನ್ನು ಹೇಳಿಕೊಳ್ಳಬೇಕು. 2019ರ ಬೇಸಿಗೆಯಲ್ಲಿ ಚೆನ್ನೈಯ ನಾಲ್ಕು ಜಲಾಶಯಗಳೂ ಬಹುಮಟ್ಟಿಗೆ ಬತ್ತಿಹೋದವು. ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತಂದರು. ಒಂದೊಂದು ರೈಲಿನಲ್ಲಿ 25 ಲಕ್ಷ ಲೀಟರು, ಅದೂ ಮೆಟ್ಟೂರಿನ ಕಾವೇರಿ ಯೋಜನೆಯ ನೀರೇ. ನಮ್ಮ ಕಟ್ಟಡದ ಕೊಳವೆಬಾವಿಯಲ್ಲಿ ಗಾಳಿ ಬಂದಿತು. ನಿವಾಸಿಗಳ ಸಂಘದ ಖಜಾಂಚಿ ನಾನೇ ಆಗಿದ್ದುದರಿಂದ ಲಾರಿ ನೀರಿಗೆ ಚೆಕ್ಕು ಬರೆಯುವ ಕೆಲಸವೂ ನನ್ನದೇ. ಒಂದು ದಿನ ಲಾರಿಯ ಚಾಲಕನನ್ನು ಈ ನೀರು ಎಲ್ಲಿಯದೆಂದು ಕೇಳಿದೆ. ಊರ ಹೊರಗಿನ ಹೊಲದ ಬಾವಿಯದೆಂದ. "ಅಲ್ಲಿಯವರಿಗೆ ಸಾಲುತ್ತದೆಯೇನಪ್ಪಾ?" ಎಂದೆ. "ಅವರ ಬಾವಿ ಬತ್ತಿದ ಮೇಲೆ ಅವರೂ ನಮ್ಮ ಹತ್ತಿರವೇ ಕೊಳ್ಳುತ್ತಾರೆ ಸಾರ್" ಎಂದು ಯಾವ ಭಾವವೂ ಇಲ್ಲದೆ ಹೇಳಿ ಕೊಳವೆಯನ್ನು ಜೋಡಿಸಿದ. ನಾನು ಚೆಕ್ಕಿಗೆ ಸಹಿ ಹಾಕಿದೆ. ಮರುವಾರವೂ ಹಾಕಿದೆ. ಮನೆಯಲ್ಲಿ ಮಕ್ಕಳು, ವೃದ್ಧರು ಇರುವಾಗ ಬೇರೇನು ಮಾಡಬಹುದಿತ್ತೆಂದು ಇಂದಿಗೂ ನನಗೆ ತಿಳಿಯದು. ಆದರೆ ಆ ನೀರು ನನ್ನದಾಗಿರಲಿಲ್ಲ, ಹಣ ಕೊಟ್ಟುದರಿಂದ ನನ್ನದಾಗಲೂ ಇಲ್ಲ.

ಹಿಂದಿನವರು ಇದನ್ನು ತಿಳಿದಿದ್ದರು. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿ ಮಗನನ್ನು ಪಡೆಯುವುದಕ್ಕೆ ಸಮನಾದ ಪುಣ್ಯವೆಂದರು. ಧರ್ಮಕಾರ್ಯವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂದು ಕಲ್ಲಿನಲ್ಲಿ ಕೊರೆಸಿದರು. ತೂಬನ್ನು ಎತ್ತಿ ಇಳಿಸಿ ಎಲ್ಲರ ಗದ್ದೆಗೂ ಸರದಿಯಂತೆ ನೀರು ಬಿಡಲು ನೀರಗಂಟಿಯಿದ್ದ. ತಮಿಳರಲ್ಲಿಯೂ ಅವನು ನೀರ್ಕಟ್ಟಿ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ, ಅವರಿಗೆ ಏರಿ ಎಂದರೆ ಕೆರೆಯೇ. ಆಡಿ ಮಾಸದ ಹದಿನೆಂಟರಂದು ಅವರು ಚಿತ್ರಾನ್ನಗಳನ್ನು ಮಾಡಿ ಕಾವೇರಿಯನ್ನು ಪೂಜಿಸುತ್ತಾರೆ. ತುಲಾ ಸಂಕ್ರಮಣದಂದು ನಾವು ತಲಕಾವೇರಿಯಲ್ಲಿ ತೀರ್ಥೋದ್ಭವವನ್ನು ಕಾಯುತ್ತೇವೆ, ಅದೇ ಮಾಸದಲ್ಲಿ ಅವರು ಮಾಯವರದಲ್ಲಿ ತುಲಾಸ್ನಾನ ಮಾಡುತ್ತಾರೆ. ತಾಯಿ ಒಬ್ಬಳೇ, ಪೂಜೆಯ ದಿನಗಳು ಮಾತ್ರ ಬೇರೆ.

ಹಾಗೆಂದು ಹಿಂದಿನದೆಲ್ಲವೂ ಪವಿತ್ರವೆಂದು ಭಾವಿಸಿದರೆ ಅದು ಆತ್ಮವಂಚನೆ. ಕೆರೆಯನ್ನು ಕಟ್ಟಿದ ಕೈಗಳಿಗೇ ಆ ನೀರನ್ನು ಮುಟ್ಟಗೊಡದ ಊರುಗಳು ನಮ್ಮವು. ಮಹಾಡದ ಚವದಾರ್ ಕೆರೆಯಿಂದ ಒಂದು ಬೊಗಸೆ ನೀರು ಕುಡಿಯಲು ಡಾ. ಅಂಬೇಡ್ಕರ್ ಅವರು 1927ರಲ್ಲಿ ಸತ್ಯಾಗ್ರಹವನ್ನೇ ನಡೆಸಬೇಕಾಯಿತು. ಏಳು ನದಿಗಳನ್ನು ಕಳಶಕ್ಕೆ ಕರೆದವರೇ ನೆರೆಯವನನ್ನು ಬಾವಿಯ ಬಳಿಯಿಂದ ಅಟ್ಟಿದರು. ಇಂದು ಆ ಭೇದ ಬೇರೆ ರೂಪದಲ್ಲಿ ಮುಂದುವರಿದಿಲ್ಲವೆ? ನಗರವಾಸಿಗೆ ದಿನಕ್ಕೆ 135 ಲೀಟರು ಬೇಕೆಂದು ಸರ್ಕಾರಿ ಮಾನದಂಡ ಹೇಳುತ್ತದೆ. ಹಳ್ಳಿಯ ಮನೆಮನೆಗೆ ನಲ್ಲಿ ನೀಡುವ 2019ರ ಯೋಜನೆಯ ಗುರಿ ತಲೆಗೆ 55 ಲೀಟರು. ಹಳ್ಳಿಯವನ ಬಾಯಾರಿಕೆ ನಮ್ಮದಕ್ಕಿಂತ ಚಿಕ್ಕದೇನು?

ಹಾಗಾದರೆ ಋಣ ತೀರಿಸುವ ಬಗೆ ಹೇಗೆ? ಚೆನ್ನೈಯಲ್ಲಿ ವರ್ಷಕ್ಕೆ ಸುಮಾರು 1,400 ಮಿಲಿಮೀಟರು ಮಳೆಯಾಗುತ್ತದೆ. ಅಣ್ಣನ ಊರಿನಲ್ಲಿ ಅದರ ಅರ್ಧದಷ್ಟು. 2015ರ ಡಿಸೆಂಬರಿನಲ್ಲಿ ಇದೇ ನಗರ ಪ್ರವಾಹದಲ್ಲಿ ಮುಳುಗಿತ್ತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಮ್ಮ ತಾರಸಿಯ ವಿಸ್ತೀರ್ಣ 200 ಚದರ ಮೀಟರು, ಅಂದರೆ ವರ್ಷಕ್ಕೆ 2,80,000 ಲೀಟರು. ನಷ್ಟವನ್ನು ಕಳೆದು ಎರಡು ಲಕ್ಷವೆಂದಿಟ್ಟುಕೊಂಡರೂ 12,000 ಲೀಟರಿನ ಹದಿನಾರು ಲಾರಿಗಳು. 2003ರಲ್ಲಿಯೇ ತಮಿಳುನಾಡು ಸರ್ಕಾರ ಮಳೆಕೊಯ್ಲನ್ನು ಕಡ್ಡಾಯ ಮಾಡಿತ್ತು. ನಮ್ಮ ಕಟ್ಟಡದಲ್ಲೂ ಗುಂಡಿಯಿತ್ತು, ಅದರ ತುಂಬ ಹೂಳು. ಕಾನೂನು ಗುಂಡಿ ತೋಡಿಸೀತು, ವರ್ಷವರ್ಷ ಹೂಳೆತ್ತಿಸುವುದು ಮನಸ್ಸು. ಆ ಬೇಸಿಗೆಯ ಬಳಿಕ ಲಾರಿಗೆ ತೆತ್ತ ಹಣದ ಸ್ವಲ್ಪಾಂಶದಲ್ಲಿ ಅದನ್ನು ತೆರವು ಮಾಡಿಸಿದೆವು. ಈಗ ಪ್ರತಿ ವರ್ಷ ಹಿಂಗಾರಿಗೆ ಮುನ್ನ ಮಾಡಿಸುತ್ತೇವೆ.

ಇದು ಸಣ್ಣ ಕೆಲಸವೆಂದು ನಾನು ಬಲ್ಲೆ. ದೇಶದ ನೀರಿನ ಬಹುಪಾಲು ವ್ಯವಸಾಯಕ್ಕೆ ಹೋಗುತ್ತದೆ. ಒಂದು ಕಿಲೋ ಅಕ್ಕಿಗೆ ಎರಡು ಸಾವಿರ ಲೀಟರಿಗೂ ಮೀರಿ ನೀರು ಬೇಕು. ರೈತನಿಗೆ ಭತ್ತ, ಕಬ್ಬು ಬಿಡೆಂದು ನಗರದಲ್ಲಿ ಕುಳಿತು ಹೇಳುವುದು ಸುಲಭ. ಆದರೆ ರಾಗಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡು ಉಣ್ಣಲು ನಾವು ಸಿದ್ಧರಿದ್ದರೆ ಮಾತ್ರ ಆ ಮಾತಿಗೆ ಬೆಲೆ. ನಗರ ಬಳಸಿದ ನೀರು ಹಿಂದಿರುಗಲೂ ಬೇಕು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದರ ಶುದ್ಧಿಯ ಬಗ್ಗೆ ಕೋಲಾರದವರು ಎತ್ತಿದ ಆಕ್ಷೇಪಗಳನ್ನು ತಳ್ಳಿಹಾಕಬಾರದು. ಹಿಂದಿರುಗಿಸುವುದಾದರೆ ಕುಡಿಯುವವನಿಗೆ ಹಾನಿಯಾಗದಂತೆ ಹಿಂದಿರುಗಿಸುವುದೇ ಧರ್ಮ.

ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ವಾಹನಗಳನ್ನು ಕೊಳವೆ ಹಿಡಿದು ತೊಳೆಯುವುದನ್ನು ನೋಡಿದ್ದೇನೆ, ನಾನೂ ತೊಳೆದಿದ್ದೇನೆ. ಈಗ ಅರ್ಧ ಬಕೆಟ್ಟು ನೀರು, ಒಂದು ಒದ್ದೆ ಬಟ್ಟೆ ಸಾಕೆನಿಸಿದೆ. ಚಾಮುಂಡೇಶ್ವರಿ ಇದರಿಂದ ಮುನಿದ ಲಕ್ಷಣವಿಲ್ಲ. ವಿಜಯದಶಮಿಯಂದು ಕಳಶದ ನೀರನ್ನು ಮನೆಯವರಿಗೆಲ್ಲ ಪ್ರೋಕ್ಷಿಸಿ, ಉಳಿದುದನ್ನು ತುಳಸಿಯ ಬುಡಕ್ಕೆ ಎರೆಯುತ್ತೇವೆ. ಒಂದು ಹನಿಯನ್ನೂ ಚೆಲ್ಲುವುದಿಲ್ಲ. ಒಂಬತ್ತು ದಿನ ಪೂಜೆಗೊಂಡ ತಂಬಿಗೆಯ ನೀರಿಗೆ ತೋರಿಸುವ ಈ ಮರ್ಯಾದೆಯನ್ನು ವರ್ಷದ ಉಳಿದ ದಿನಗಳಲ್ಲಿ ಬಕೆಟ್ಟಿನ ನೀರಿಗೂ ತೋರಿಸಿದರೆ ಸಾಕು, ಭಕ್ತಿ ಬೇರೆ, ಬದುಕು ಬೇರೆ ಎಂಬ ಭೇದ ಅಷ್ಟರಮಟ್ಟಿಗೆ ಅಳಿಯುತ್ತದೆ.

ಅಣ್ಣನ ಪ್ರಶ್ನೆಗೆ ನಾನು ಇನ್ನೂ ನೇರವಾಗಿ ಉತ್ತರಿಸಿಲ್ಲ. ಈಗ ಅವರು ದೂರವಾಣಿ ಮಾಡಿದಾಗ ನಾಲೆಗೆ ನೀರು ಬಂತೇ ಎಂದು ಕೇಳುತ್ತೇನೆ. ಪಕ್ಕದ ಮನೆಯ ಮಾಸ್ತರರನ್ನು ಕಂಡಾಗ ಅವರ ತಮ್ಮನ ಗದ್ದೆಗೆ ಬಂತೇ ಎಂದೂ ಕೇಳುತ್ತೇನೆ. ಮೊದಲ ಪ್ರಶ್ನೆ ನನಗೆ ರಕ್ತಸಂಬಂಧದಿಂದ ಬಂದದ್ದು, ಎರಡನೆಯದು ಕಲಿತದ್ದು. ಕಾವೇರಿಯ ಮಡಿಲಲ್ಲಿ ಹುಟ್ಟಿ ದೂರದ ನಗರದಲ್ಲಿ ನೆಲೆಸಿದ ನಮ್ಮಂಥವರಿಗೆ ಎರಡನ್ನೂ ಕೇಳುವ ಬುದ್ಧಿಯನ್ನು ಆ ಜಗನ್ಮಾತೆ ಕರುಣಿಸಲಿ.